ವಿಷಯ: ಮೋಟರ್ ಸೈಕಲ್ಲನ್ನು ಸಮುದ್ರ ದಾಟಿಸುವ ಕುರಿತು

1

ಅರ್ಜಿ ಹೇಗೆ ಶುರು ಮಾಡಬೇಕೆಂದು ನನಗೆ ಗೊತ್ತು. ಮೇಲೆ ‘ಇವರಿಗೆ’, ಅದರ ಕೆಳಗೆ ‘ಇವರಿಂದ’, ಆಮೇಲೆ ‘ಮಾನ್ಯರೇ’, ಅದಾದ ಮೇಲೆ ‘ವಿಷಯ’. ಮಸ್ಕಿ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೇನೆ. ನಾನು ಬರೆದ ಅರ್ಜಿಗೆ ಪಿಂಚಣಿ ಬಂದಿದೆ, ಬೋರ್‌ವೆಲ್ ಬಂದಿದೆ, ಒಬ್ಬರಿಗೆ ಕಳೆದುಹೋದ ಎಮ್ಮೆಯೂ ಬಂದಿದೆ.

ಕಥೆಗೆ ಈ ಅನುಕೂಲವಿಲ್ಲ. ಯಾರಿಗೆ ಎಂದು ಗೊತ್ತಿಲ್ಲ. ಯಾರಿಂದ ಎಂದು ಹೇಳಿದರೆ ಊರಲ್ಲಿ ನಗುತ್ತಾರೆ. ‘ಮಾನ್ಯರೇ’ ಎನ್ನೋಣವೆಂದರೆ ನಿಮ್ಮನ್ನು ನಾನು ನೋಡಿಲ್ಲ. (ಮಾನ್ಯರೆಂದೇ ಇಟ್ಟುಕೊಳ್ಳುತ್ತೇನೆ. ಅರ್ಜಿಯಲ್ಲಿಯೂ ಹಾಗೆಯೇ ಮಾಡುವುದು.)

ಮೊದಲ ಕರಡು ಹೀಗೆ ಶುರುವಾಗಿತ್ತು: ‘ಹಿಂದೂ ಮಹಾಸಾಗರದ ನೀಲಿ ಅಲೆಗಳ ಮೇಲೆ ತೇಲುತ್ತ ಒಂದು ಮೋಟರ್ ಸೈಕಲ್ಲು…’ ನಾನು ಸಮುದ್ರ ನೋಡಿಲ್ಲ. ನೋಡಿದ ದೊಡ್ಡ ನೀರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆ. ಅದರಲ್ಲಿ ಅಲೆ ಇಲ್ಲ, ಬಣ್ಣ ನೀಲಿಯೂ ಅಲ್ಲ. ಹೊಡೆದು ಹಾಕಿದೆ.

ನಮ್ಮೂರಲ್ಲಿ ಬರೆದದ್ದು ಉಳಿದಿರುವುದು ಗುಡ್ಡದ ಬಂಡೆಯ ಮೇಲೆ. ಬರೆಸಿದವನು ಚಕ್ರವರ್ತಿ, ಕಾಗದದ ಚಿಂತೆ ಇರಲಿಲ್ಲ. ನಾನು ಕೆಟ್ಟುಹೋದ ಝೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತೇನೆ.

2

ಯಮನೂರನಿಂದ ಶುರು ಮಾಡುತ್ತೇನೆ. ವಯಸ್ಸು ನಲವತ್ನಾಲ್ಕು. ಮನೆ ಮಸ್ಕಿಯಲ್ಲಿ, ಕೆಲಸ ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಮಿಸ್ತ್ರಿ. ಮಿಲ್ಲಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟು, ಒಳಗೆ ಹೋಗದೆಯೇ ಯಾವ ಬೆಲ್ಟು ಸಡಿಲಾಗಿದೆ ಎಂದು ಹೇಳುತ್ತಾನೆ. ಹದಿನೇಳು ವರ್ಷದಿಂದ ಒಂದೇ ಮೋಟರ್ ಸೈಕಲ್ಲಿನ ಮೇಲೆ ದಿನಾ ಮಸ್ಕಿಯಿಂದ ಸಿಂಧನೂರಿಗೆ ಹೋಗಿ ಬರುತ್ತಾನೆ. ಊರವರು ಗಡಿಯಾರ ನೋಡುವುದಿಲ್ಲ, ಅವನ ಗಾಡಿಯ ಸಪ್ಪಳ ಕೇಳಿ ಹಾಲು ಕಾಸುತ್ತಾರೆ.

ಒಂದು ಬೆಳಿಗ್ಗೆ ಅವನು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

“ಶೇಖರಮ್ಮಕ್ಕಾ, ಗಾಡಿ ಹಡಗಿನ್ಯಾಗ ಹಾಕಿ ಕಳ್ಸಾಕ ಏನೇನ್ ಕಾಗದ ಬೇಕು?”

“ಎಲ್ಲಿಗೋ?”

“ಟಾಂಜಾನಿಯಾಕ್ಕ.”

“ಅದು ಯಾವ ತಾಲ್ಲೂಕು?”

“ಆಫ್ರಿಕಾ ಯಕ್ಕಾ! ಅಲ್ಲೂ ಭತ್ತ ಬೆಳೀತಾರಂತ. ಹೊಸಾ ಮಿಲ್ ಹಾಕ್ಯಾರ. ಮಿಷನ್ ಹೋಗೈತಿ, ಮಿಸ್ತ್ರಿ ಇಲ್ಲ. ನನ್ನ ಕರಿಯಾಕತ್ತಾರ. ಎರಡು ವರ್ಷದ ಕರಾರು.”

ಫೋನಿನಲ್ಲಿ ಬಂದ ಪತ್ರವನ್ನು ಪ್ರಿಂಟ್ ತೆಗೆಸಿದ. ಎರಡು ಪುಟ ಇಂಗ್ಲಿಷು. ನಾನು ಹತ್ತನೆಯ ತರಗತಿ. ಆದರೂ ಇಷ್ಟು ವರ್ಷ ಮಂದಿಯ ಕಾಗದ ಟೈಪ್ ಮಾಡಿದ ಮೇಲೆ ಇಂಗ್ಲಿಷು ತಾನಾಗಿಯೇ ಬೆರಳಿಗೆ ಹತ್ತಿದೆ.

“ಗಾಡಿ ಬಗ್ಗೆ ಏನ್ ಬರ್ದಾರ, ಅಷ್ಟ ಓದಿ ಹೇಳು,” ಎಂದ.

ಗಾಡಿಯ ಬಗ್ಗೆ ಬರೆದದ್ದು ಎಂಟನೆಯ ಕಲಮಿನಲ್ಲಿ. ಅಲ್ಲಿ ಕೊಡುವ ಮನೆಯಿಂದ ಮಿಲ್ಲಿಗೆ ಹನ್ನೆರಡು ಕಿಲೋಮೀಟರ್. ಓಡಾಡಲು ಅಲ್ಲಿಯೇ ಒಂದು ಮೋಟರ್ ಸೈಕಲ್ ಕೊಳ್ಳಬೇಕು, ಅರ್ಧ ಬೆಲೆ ಕಂಪನಿಯದು. ಓದಿ ಹೇಳಿದೆ. ಒಂಬತ್ತನೆಯ ಕಲಮೂ ಇತ್ತು. ಅವನು ಕೇಳಲಿಲ್ಲ, ನಾನು ಓದಲಿಲ್ಲ.

(ಆ ಒಂಬತ್ತನ್ನು ನೆನಪಿನಲ್ಲಿಡಿ. ನಾನು ಮರೆತುಬಿಟ್ಟೆ.)

“ಅಲ್ಲೇ ಕೊಳ್ಳು ಅಂತಾರಲ್ಲ, ಮತ್ತ?”

“ಕೊಂಡ್ರ ಅದು ಗಾಡಿ ಆಗ್ತೈತಿ ಯಕ್ಕಾ. ನನ್ನ ಗಾಡಿ ಆಗಂಗಿಲ್ಲ.”

ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದೆ. ಅಲ್ಲಿಯ ರಸ್ತೆಗಳ ತುಂಬ ಮೋಟರ್ ಸೈಕಲ್ಲು, ಅರ್ಧಕ್ಕರ್ಧ ನಮ್ಮ ದೇಶದಿಂದ ಹೋದವು. ಅಲ್ಲಿಯವರು ಅದನ್ನು ‘ಪಿಕಿಪಿಕಿ’ ಎನ್ನುತ್ತಾರಂತೆ. ನಮ್ಮ ಹಿರಿಯರು ‘ಫಟ್‌ಫಟಿ’ ಎಂದರಲ್ಲ, ಹಾಗೆ. ಯಮನೂರ ಪರದೆಗೆ ಮೂಗು ಹಚ್ಚಿ ನೋಡಿ, “ಸಪ್ಪಳಾನ ಬ್ಯಾರೆ ಕೇಳ್ಸಿರಬೇಕು ಅವರಿಗೆ,” ಎಂದ.

ಮತ್ತೆ 2

ಹಿಂದಿನದು ಕಥೆಯ ಹಾಗಾಯಿತು, ಲೆಕ್ಕದ ಹಾಗೆ ಬರೆಯೋಣವೆಂದು ಹಾಳೆಯ ನಡುವೆ ಗೆರೆ ಹೊಡೆದೆ. ಎಡಕ್ಕೆ ‘ಇಲ್ಲಿಂದ ಕಳಿಸಿದರೆ’, ಬಲಕ್ಕೆ ‘ಅಲ್ಲಿಯೇ ಕೊಂಡರೆ’. ಬಲಗಡೆ ಲಾಭಗಳು ತುಂಬಿ ಹಾಳೆ ಸಾಲದಾಯಿತು. ಎಡಗಡೆ ಒಂದೇ ಸಾಲು ಬಂತು: ‘ಅವನಿಗೆ ಬೇಕು.’ ಇದನ್ನು ಓದಿದ ಯಾವ ಅಧಿಕಾರಿಯೂ ಮಂಜೂರು ಮಾಡುವುದಿಲ್ಲ. ಮಡಚಿ ಮೇಜಿನ ಕಾಲಿಗೆ ಕೊಟ್ಟೆ. ಮೇಜು ಈಗ ಅಲುಗುವುದಿಲ್ಲ.

3

(ಮೂರನೆಯ ಭಾಗ ಇಲ್ಲ. ಅದನ್ನು ಬರೆದ ಹಾಳೆಯ ಇನ್ನೊಂದು ಬದಿಯಲ್ಲಿ ಬಳಗಾನೂರಿನ ಒಬ್ಬ ರೈತರ ಪಹಣಿ ಇತ್ತು. ಅವಸರದಲ್ಲಿ ಅದನ್ನೇ ಎತ್ತಿಕೊಂಡು ಹೋದರು. ಇಷ್ಟು ಹೊತ್ತಿಗೆ ತಹಸೀಲ್ ಕಚೇರಿಯಲ್ಲಿ ನನ್ನ ಕಥೆಗೆ ಸೀಲು ಬಿದ್ದಿರಬೇಕು. ಚಿಂತಿಸಬೇಡಿ, ಅದರಲ್ಲಿ ಹವಾಮಾನದ ವರ್ಣನೆ ಬಿಟ್ಟರೆ ಏನೂ ಇರಲಿಲ್ಲ.)

4

ಸಿಂಧನೂರಿನಲ್ಲಿ ಶಿವಕಾಂತ ಎಂಬ ಏಜೆಂಟನಿದ್ದಾನೆ. ಮೊದಲು ಹನಿ ನೀರಾವರಿ ಪೈಪು ಮಾರುತ್ತಿದ್ದ. ಈಗ ಅದೇ ಅಂಗಡಿಗೆ ಹಡಗಿನ ಚಿತ್ರದ ಬೋರ್ಡು ಹಾಕಿಕೊಂಡು ‘ಓವರ್‌ಸೀಸ್ ಪಾರ್ಸಲ್’ ನಡೆಸುತ್ತಾನೆ. ಅಲ್ಲಿಯವರೆಗೆ ಅವನು ಹೊರದೇಶಕ್ಕೆ ಕಳಿಸಿದ್ದು ದುಬೈಗೆ ಒಂದು ಡಬ್ಬಿ ಉಪ್ಪಿನಕಾಯಿ. ಅದು ತಲುಪಿದೆ ಎಂದು ಅವನು ಹೇಳುತ್ತಾನೆ.

ಯಮನೂರ ನನ್ನನ್ನೂ ಕರೆದುಕೊಂಡು ಹೋದ. ಕಾಗದ ಅಂದರೆ ನಾನು ಇರಬೇಕು.

“ಡೋರ್ ಟು ಡೋರ್ ಅಣ್ಣಾ,” ಎಂದ ಶಿವಕಾಂತ. “ನೀವು ಮನಿ ಮುಂದ ಕೊಡ್ರಿ, ಅಲ್ಲಿ ಮನಿ ಮುಂದ ತಗೋರಿ. ನಡುವ ಏನಾತು ಅಂತ ನೀವು ಕೇಳಂಗಿಲ್ಲ, ನಾವು ಹೇಳಂಗಿಲ್ಲ.”

“ನಡುವ ಏನಾಗ್ತೈತಿ?”

“ಕೇಳಬಾರ್ದು ಅಂದ್ನಲ್ಲಣ್ಣಾ.”

ಪೆಟ್ರೋಲ್ ಪೂರ್ತಿ ಬಸಿಯಬೇಕು. ಬ್ಯಾಟರಿ ಬಿಚ್ಚಬೇಕು. ಆರ್‌ಟಿಓದಿಂದ ಎನ್‌ಓಸಿ ತರಬೇಕು. ಕಟ್ಟಿಗೆಯ ಪೆಟ್ಟಿಗೆ ಮಾಡಿಸಬೇಕು. ಟೈರು, ಮಡ್‌ಗಾರ್ಡು, ಚೈನಿನ ಸಂದಿಯ ಮಣ್ಣು ಒಂದು ಕಣ ಬಿಡದಂತೆ ತೊಳೆಯಬೇಕು.

“ಮಣ್ಣು ಯಾಕ?”

“ನಮ್ಮ ಮಣ್ಣು ಅವರ ದೇಶಕ್ಕ ಹೋಗಬಾರದಣ್ಣಾ. ರೂಲ್ಸ್.”

“ಹದಿನೇಳು ವರ್ಷದ ಮಣ್ಣಲೇ ಅದು! ಅದನ್ನ ತೆಗದ್ರ ಗಾಡಿ ಏನ್ ಉಳೀತೈತಿ?”

ಖರ್ಚು ಹೇಳಿದ. ಆ ದುಡ್ಡಿಗೆ ಅಲ್ಲಿ ಹೊಸ ಗಾಡಿ ಎರಡು ಬರುತ್ತಿದ್ದವು. ಯಮನೂರ ತಲೆ ಅಲ್ಲಾಡಿಸಿದ. ಅದು ಬೇಡವೆಂದಲ್ಲ, ಆಗಲಿ ಎಂದು. ಶಿವಕಾಂತ ಖುಷಿಯಿಂದ ಆರ್‌ಸಿ ಕಾರ್ಡು ಕೇಳಿದ. ನೋಡಿದ. ತಿರುವಿ ನೋಡಿದ.

“ಅಣ್ಣಾ, ಇದು ನಿಮ್ಮ ಗಾಡಿ ಅಲ್ಲಲ್ಲ.”

ಮಾಲೀಕರ ಹೆಸರಿನ ಮುಂದೆ ಹೀಗಿತ್ತು: ಅಮರೇಶ್ವರಿ ಕೋಂ ಯಮನೂರ.

5

ಅಮರೇಶ್ವರಿ ಅವನ ಹೆಂಡತಿ. ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಮಗಳು ಐಶ್ವರ್ಯಳನ್ನು ಮುದಗಲ್ಲಿಗೆ ಕೊಟ್ಟಾಗಿದೆ. ಈಗ ಮನೆಯಲ್ಲಿ ಇವರಿಬ್ಬರು, ಗಿರಣಿ ಮತ್ತು ಗಾಡಿ.

ಗಾಡಿ ಅವಳ ಹೆಸರಿಗೆ ಬಂದದ್ದಕ್ಕೆ ಕಾರಣವಿದೆ. ಇದಕ್ಕೂ ಮೊದಲು ಯಮನೂರ ತನ್ನ ಹೆಸರಿನಲ್ಲಿ ಒಂದು ಮೊಪೆಡ್ ಕೊಂಡಿದ್ದ. ಬಳಗಾನೂರಿನ ಕಾಲುವೆ ದಂಡೆಯ ಮೇಲೆ ಒಂದೇ ತಿಂಗಳಲ್ಲಿ ಮೂರು ಸಲ ಬಿದ್ದ. (ನಾಟಿಯ ಕಾಲದಲ್ಲಿ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ದಾರಿಯ ತುಂಬ ಮೆತ್ತಿರುತ್ತವೆ, ಅಲ್ಲಿ ಎಲ್ಲರೂ ಬೀಳುತ್ತಾರೆ ಎಂದು ನಾನು ಬರೆಯಬಹುದು. ಬರೆದರೆ ಕಥೆ ಇಲ್ಲಿಯೇ ನಿಲ್ಲುತ್ತದೆ.) ಅವನು ಮೊಪೆಡ್ ಮಾರಿ, ಹೊಸ ಗಾಡಿ ತರುವ ಮೊದಲು ಪಂಚಾಂಗ ನೋಡುವ ಕರಿಬಸಯ್ಯನವರನ್ನು ಕೇಳಿದ. ನಮ್ಮ ಕಡೆ ಮನೆ, ಬೋರ್‌ವೆಲ್, ವಾಹನ ಯಾವುದಿದ್ದರೂ ಯಾರ ಹೆಸರಿಗೆ ಕೂಡಿ ಬರುತ್ತದೆ ಎಂದು ಅಯ್ಯನವರನ್ನು ಕೇಳಿಯೇ ಕೊಳ್ಳುವುದು. ಅವರು ಬೆರಳು ಮಡಿಚಿ ಎಣಿಸಿದರು.

“ನಿನ್ನ ಹೆಸರಿಗೆ ವಾಹನ ಕೂಡಿ ಬರಂಗಿಲ್ಲಪಾ. ನಿನ್ನ ಹೆಂಡತಿ ಹೆಸರಿಗೆ ಛಲೋ ಅದ.”

ಹೀಗಾಗಿಯೇ ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಟ್ರ್ಯಾಕ್ಟರುಗಳು, ಅವುಗಳ ಮೇಲೆ ಒಮ್ಮೆಯೂ ಹತ್ತದ ಹೆಂಗಸರ ಹೆಸರಿನಲ್ಲಿವೆ.

ಇನ್ನೊಂದು ನಿಯಮವೂ ಇತ್ತು. ಯಮನೂರ ಗಾಡಿ ತರಲು ಲಿಂಗಸುಗೂರಿಗೆ ಹೋದ ದಿನ, ಅಮರೇಶ್ವರಿ ಅಯ್ಯನವರ ಮನೆಗೆ ಅಕ್ಕಿ-ಬೆಲ್ಲ ಕೊಡಲು ಹೋಗಿ ಬಂದು ಹೇಳಿದಳು: ಈ ಗಾಡಿ ಯಾವುದೇ ಹೊಸ ದಾರಿಗೆ ಮೊದಲ ಸಲ ಹೊರಟಾಗ ಗಾಡಿಯೊಡತಿ ಹಿಂದೆ ಕೂರಬೇಕು. ಇಲ್ಲದಿದ್ದರೆ ಆ ದಾರಿ ಗಾಡಿಗೆ ಒಗ್ಗುವುದಿಲ್ಲ.

ಯಮನೂರ ಒಂದು ದಾರಿಯನ್ನೂ ತಪ್ಪಿಸಲಿಲ್ಲ. ಮೊದಲ ದಾರಿ ಗುರುಗುಂಟೆಯ ಅಮರೇಶ್ವರ ದೇವರಿಗೆ. ಅಲ್ಲಿ ಅವಳು ನಾಚಿಕೆಯ ಗಡಿಬಿಡಿಯಲ್ಲಿ ತಪ್ಪು ಬದಿಗೆ ಇಳಿದು, ಸೈಲೆನ್ಸರ್ ತಾಗಿ ಬಲಗಾಲ ಮೀನಖಂಡ ಸುಟ್ಟುಕೊಂಡಳು. ಆಮೇಲೆ ಮುದಗಲ್ ಕೋಟೆ. ಹಟ್ಟಿಯಲ್ಲಿ ಚಿನ್ನದ ಗಣಿಯ ಗೇಟಿನವರೆಗೆ, ಪಾಳಿ ಬಿಟ್ಟ ಮಂದಿ ಹೊರಬರುವುದನ್ನು ನೋಡಿ ವಾಪಸು. ಜಲದುರ್ಗ, ಕೃಷ್ಣೆಯ ದಂಡೆ. ಸಿಂಧನೂರಿನಲ್ಲಿ ಹೊಸ ಮಿಲ್ಲು ಶುರುವಾದರೆ ಆ ಮಿಲ್ಲಿನ ದಾರಿಗೂ ಒಮ್ಮೆ. ಏಳೆಂಟು ವರ್ಷದಲ್ಲಿ ಸುತ್ತಲಿನ ದಾರಿಗಳೆಲ್ಲ ಮುಗಿದವು. ಅದಾದ ಮೇಲೆ ಹಿಂದಿನ ಸೀಟಿನಲ್ಲಿ ಸ್ಪ್ಯಾನರಿನ ಚೀಲ ಕೂರತೊಡಗಿತು.

6

ಇಲ್ಲಿಗೆ ಒಬ್ಬ ಹಾಸ್ಯದ ಮನುಷ್ಯ ಬೇಕು ಅನ್ನಿಸಿತು. ಹುಡುಕಬೇಕಾಗಲಿಲ್ಲ. ಲಿಂಗಸುಗೂರಿನ ಬಡಗಿ ಮೌಲಾಹುಸೇನರು ಅಳತೆ ಪಟ್ಟಿ ಹಿಡಿದು ತಾವಾಗಿಯೇ ಬಂದರು. ಎನ್‌ಓಸಿ ಇನ್ನೂ ಆಗಿರಲಿಲ್ಲ, ಅರ್ಜಿಗೆ ಒಡತಿಯ ಸಹಿಯೇ ಬಿದ್ದಿರಲಿಲ್ಲ. ಆದರೆ ಯಮನೂರ ಮೊದಲು ಪೆಟ್ಟಿಗೆ ಮಾಡಿಸಿದ.

“ಬಾಗಲಾ ಮಾಡೀನಿ, ಮಂಚ ಮಾಡೀನಿ,” ಎಂದರು ಮೌಲಾಹುಸೇನರು ಗಾಡಿಯನ್ನು ಸುತ್ತುತ್ತ. “ಗಾಡಿಗಿ ಮನಿ ಮಾಡಿದ್ದಿಲ್ಲ. ಕಿಡಕಿ ಇಡ್ಲೇನು?”

“ಎದಕ್ರೀ?”

“ಒಂದು ತಿಂಗಳ ಸಮುಂದರ್ದಾಗ ಇರ್ತದ. ಹವಾ ಬ್ಯಾಡೇನು ಪಾಪ?”

ತೇಗದಂಥ ಗಟ್ಟಿ ಪೆಟ್ಟಿಗೆ ಮಾಡಿ ತಂದಿಳಿಸಿದರು. ಮೇಲೆ ಕೆಂಪು ಬಣ್ಣದಲ್ಲಿ ಬಾಣ, ‘ಈ ಕಡೆ ಮೇಲೆ’. ನಾಲ್ಕೂ ಬದಿಗೆ ನಾಲ್ಕು ಬಾಣ. ಅವುಗಳಲ್ಲಿ ಒಂದು ಮಾತ್ರ ಕೆಳಗೆ ತೋರಿಸುತ್ತಿತ್ತು. ಕೇಳಿದರೆ, “ಯಾರರ ಉಲ್ಟಾ ಇಟ್ರ ಅವರಿಗೂ ಒಂದು ಬಾಣ ಇರ್ಲಿ,” ಎಂದರು.

ಪೆಟ್ಟಿಗೆ ಗಿರಣಿಯ ಮುಂದೆ ಕೂತಿತು. ಹಿಟ್ಟು ಬೀಸಿಸಲು ಬಂದವರು ಡಬ್ಬಿ ಇಡಲು ಅದನ್ನೇ ಬಳಸಿದರು. ಅಮರೇಶ್ವರಿ ಅದರ ಸುತ್ತ ಕಸ ಹೊಡೆದಳು.

7

ಇಲ್ಲಿಯವರೆಗಿನ ಕರಡನ್ನು ಅಮರೇಶ್ವರಿ ಓದಿದಳು. ನಾನು ಕೊಟ್ಟದ್ದಲ್ಲ. ಯಮನೂರ ಎನ್‌ಓಸಿ ಅರ್ಜಿಗೆ ಸಹಿ ಹಾಕಿಸಲು ಅವಳನ್ನು ಅಂಗಡಿಗೆ ಕರೆತಂದಿದ್ದ. ನಾನು ಪ್ರಿಂಟ್ ತೆಗೆಯುವುದರೊಳಗೆ ಅವಳು ಕೌಂಟರಿನ ಮೇಲಿದ್ದ ಹಾಳೆ ಎತ್ತಿಕೊಂಡಳು.

“ನಾ ನಾಲ್ಕನೇ ನಂಬರಿಗೆ ಬಂದೀನಲ್ಲ ಯಕ್ಕಾ?”

“ಗಾಡಿ ಕತಿಯಲ್ಲೇನವ್ವಾ, ಹಂಗಾಗಿ…”

“ಬಂದಿದ್ದೂ ‘ಕೋಂ ಯಮನೂರ’ ಅಂತ. ಆರ್‌ಸಿನ್ಯಾಗೂ ಹಂಗ, ನಿನ್ನ ಕತಿಯಾಗೂ ಹಂಗ. ನನಕಿಂತ ಮೊದಲ ಎಮ್ಮಿ ಬಂದೈತಿ.”

(ತಿದ್ದಬಹುದಿತ್ತು. ಆದರೆ ತಿದ್ದಿದರೆ ಅವಳ ಮಾತು ಸುಳ್ಳಾಗುತ್ತದೆ. ಅದಕ್ಕೆ ಹಾಗೆಯೇ ಬಿಟ್ಟಿದ್ದೇನೆ.)

ಯಮನೂರ ಪೆನ್ನು ಮುಂದೆ ಹಿಡಿದ. “ಇಲ್ಲಿ ಸಹಿ ಹಾಕು. ಟೈಮಾತು, ಶಿವಕಾಂತ ಕಾಯಾಕತ್ತಾನ.”

“ಹಾಕ್ತೀನಿ. ದಾರಿ ಹೊಸಾದೋ, ಹಳೇದೋ?”

“ಯಾವ ದಾರಿ?”

“ಟಾಂಜಾನಿಯಾದ್ದು.”

“ಹೊಸಾದ…” ಎಂದ ಯಮನೂರ. ಎಂದ ಮೇಲೆ ಹೊಳೆಯಿತು.

“ಹಂಗಾದ್ರ ನಾ ಹಿಂದ ಕುಂದ್ರಬೇಕಲ್ಲ.”

ಅವನು ನಕ್ಕ. “ಸಮುದ್ರದಾಗ ಎಲ್ಲಿ ಕುಂದ್ರತಿ ಬೇ? ಪೆಟ್ಟಿಗ್ಯಾಗ ಕುಂದ್ರತ್ಯಾ?”

ಅವಳು ನಗಲಿಲ್ಲ. “ಗಾಡಿಗೆ ಪೆಟ್ಟಿಗಿ ಮಾಡಿಸಿದಿ. ಗಾಡಿ ಮೈ ತೊಳಿಸಿದಿ. ಏಜೆಂಟನ ಕಡೆ ಎಂಟು ಸಲ ಹೋಗಿ ಬಂದಿ. ಗಾಡಿಗೆ ಹವಾ ಬೇಕಾಗ್ತೈತೇನಂತ ಬಡಗ್ಯಾರು ಸುದ್ದಾ ಕೇಳಿದ್ರು. ನನಗ ಏನ್ ಕಾಗದ ಬೇಕಂತ ಒಬ್ಬರನ್ನರ ಕೇಳಿದ್ಯಾ?”

ಪ್ರಿಂಟರು ಸುಮ್ಮನೆ ಒಂದು ಖಾಲಿ ಹಾಳೆ ಉಗುಳಿತು.

ಯಮನೂರ ಕೇಳಿರಲಿಲ್ಲ. ಶಿವಕಾಂತ ಕೇಳಿರಲಿಲ್ಲ. ಆರು ಭಾಗ ಬರೆದ ನಾನೂ ಕೇಳಿರಲಿಲ್ಲ. ಗಾಡಿಯನ್ನು ಕಳಿಸುವುದೋ ಅಲ್ಲಿಯೇ ಕೊಳ್ಳುವುದೋ ಎಂದು ಗೆರೆ ಹೊಡೆದು ಕೂತಿದ್ದೆ. ಗಾಡಿಯ ಜೊತೆ ಅಷ್ಟೂ ದಾರಿ ಹೋದವಳು ಹೋಗುತ್ತಾಳೋ ಇರುತ್ತಾಳೋ ಎಂಬುದಕ್ಕೆ ನನ್ನ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ.

“ಎರಡ ವರ್ಷ…” ಎಂದ ಯಮನೂರ.

“ಗಾಡಿಗೂ ಎರಡ ವರ್ಷನ. ಅದನ್ನ ಬಿಟ್ಟಿರಾಕ ನಿನಗ ಆಗವಲ್ದು.”

ಪೆನ್ನಿನ ಟೋಪಿ ಹಾಕಿ ಕೌಂಟರಿನ ಮೇಲಿಟ್ಟು ಹೋದಳು. ಗಿರಣಿ ಶುರುವಾದ ಸದ್ದು ಬಸ್ ನಿಲ್ದಾಣದವರೆಗೂ ಕೇಳಿಸಿತು. ಯಮನೂರ ತಲೆ ಓರೆ ಮಾಡಿ ಕಿವಿಗೊಟ್ಟ, ರೂಢಿಯಂತೆ. ಏನು ಸಡಿಲಾಗಿದೆ ಎಂದು ಈ ಸಲ ಹೇಳಲಿಲ್ಲ.

8

ಇಲ್ಲಿಂದ ಮುಂದೆ ಮೂರು ಮುಕ್ತಾಯ ಬರೆದೆ.

ಮುಕ್ತಾಯ ಒಂದು: ಅವಳು ಸಹಿ ಹಾಕುತ್ತಾಳೆ. ಪೆಟ್ಟಿಗೆ ಹಡಗು ಹತ್ತುತ್ತದೆ. ಆ ಕಡೆಯ ಬಂದರಿನಲ್ಲಿ ನಾಲ್ಕನೆಯ ಬಾಣ ನೋಡಿ ತಲೆಕೆಳಗು ಇಡುತ್ತಾರೆ. ಯಮನೂರ ಪೆಟ್ಟಿಗೆ ಒಡೆದು, ಪೆಟ್ರೋಲ್ ಹಾಕಿ, ಕಿಕ್ ಹೊಡೆಯುತ್ತಾನೆ. ಸಪ್ಪಳ ಬೇರೆಯಾಗಿರುತ್ತದೆ.

ಇದನ್ನು ಯಮನೂರನಿಗೆ ಓದಿ ಹೇಳಿದೆ. “ಸಪ್ಪಳ ಬದಲಾಗಂಗಿಲ್ಲ ಯಕ್ಕಾ. ಬ್ಯಾರೆ ಏನರ ಬರಿ.”

ಮುಕ್ತಾಯ ಎರಡು: ಅವಳು ಸಹಿ ಹಾಕುವುದಿಲ್ಲ. ಅವನು ಹೋಗುವುದಿಲ್ಲ. ‘ಕಾಗದ ಆಗಲಿಲ್ಲ, ಆರ್‌ಟಿಓದವರು ಕಾಡಿಸಿದರು’ ಎಂದು ಊರಿಗೆಲ್ಲ ಹೇಳುತ್ತಾನೆ. ನಿಜವೇನೆಂದರೆ ಅವನಿಗೆ ಮೊದಲಿನಿಂದ ಹೆದರಿಕೆ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಮಾತು. ಆಗದ ಕೆಲಸ ಹಿಡಿದರೆ ಹೋಗುವುದು ತಾನಾಗಿಯೇ ತಪ್ಪುತ್ತದೆಂದು ಗಾಡಿಯ ನೆಪ ಹಿಡಿದ.

ಇದನ್ನೂ ಅವನಿಗೆ ಓದಿ ಹೇಳಿದೆ. ಮುಗಿದ ಮೇಲೆ, “ಅದನ್ನ ಬರೀಬ್ಯಾಡ ಯಕ್ಕಾ,” ಎಂದ.

“ಸುಳ್ಳಾದ್ರ ತೆಗೀತೀನಿ.”

“ಖರೇ ಐತಂತನ ಬರೀಬ್ಯಾಡ ಅಂದೆ.”

ಮುಕ್ತಾಯ ಮೂರು ಮೌಲಾಹುಸೇನರದು, ಪೆಟ್ಟಿಗೆಯ ಬಾಕಿ ಕೆಲಸ ವಿಚಾರಿಸಲು ಬಂದಾಗ ಕೇಳದೆಯೇ ಕೊಟ್ಟರು: “ಪೆಟ್ಟಿಗಿ ಒಡದು ಮಂಚ ಮಾಡ್ತೀನಿ. ಇಬ್ಬರೂ ಆರಾಮ್ ಮಲಗ್ಲಿ. ಟಾಂಜಾನಿಯಾ ಎಲ್ಲಿಗಿ ಓಡಿ ಹೋಗಂಗಿಲ್ಲ.” ಕಥೆಯಾಗಿ ಇದರಲ್ಲಿ ದೋಷವಿಲ್ಲ. ಆದರೆ ವೀಸಾ ಬಂದಿತ್ತು.

9

ನಡೆದದ್ದು ಹೀಗೆ. ಸಹಿ ಬೀಳಲಿಲ್ಲ, ಗಾಡಿ ಇಲ್ಲಿಯೇ ಉಳಿಯಿತು. ಗಾಡಿಯನ್ನು ಗಿರಣಿಯ ಒಳಗೆ ನಿಲ್ಲಿಸಿ, ಗೋಣಿಚೀಲ ಹೊದಿಸಿ, ಯಮನೂರ ಹೈದರಾಬಾದ್ ಬಸ್ ಹತ್ತಿದ. ಅಮರೇಶ್ವರಿ ಹತ್ತು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ಕಿಟಕಿಯ ಹತ್ತಿರ ನಿಂತು, “ಹಿಂದಿನ ಸೀಟ್ ಕೊಟ್ಟಾರೇನು?” ಎಂದಳು. ಅವನಿಗೆ ಸಿಕ್ಕದ್ದು ಕೊನೆಯ ಸೀಟೇ.

(ಈ ಭಾಗ ದೊಡ್ಡದಾಗಿ ಬರೆಯಬೇಕಿತ್ತು, ಬಿಟ್ಟುಹೋಗುವ ದೃಶ್ಯ, ಕಣ್ಣೀರು ಇತ್ಯಾದಿ. ಬಸ್ಸಿನವನು ಹಾರನ್ ಹೊಡೆಯುತ್ತಿದ್ದ, ಸಮಯ ಸಿಗಲಿಲ್ಲ.)

10

ಐದು ವಾರದ ಮೇಲೆ, ಮಧ್ಯಾಹ್ನ. ಅಂಗಡಿಯಲ್ಲಿ ಕರಿಬಸಯ್ಯನವರು ಪಂಚಾಂಗದ ಪುಟ ಝೆರಾಕ್ಸ್ ಮಾಡಿಸುತ್ತ ಬೆಂಚಿನ ಮೇಲೆ ಕೂತಿದ್ದರು. ಈಗ ಎಪ್ಪತ್ತು ದಾಟಿದ್ದಾರೆ. ಅಮರೇಶ್ವರಿ ಮೈಯೆಲ್ಲ ಹಿಟ್ಟಾಗಿ ಓಡಿ ಬಂದಳು. ಗಿರಣಿಯ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲವೆಂದು ವಿಡಿಯೊ ಕಾಲ್ ಹಿಡಿದುಕೊಂಡೇ ಬಂದಿದ್ದಳು. ಪರದೆಯಲ್ಲಿ ಯಮನೂರ, ಹಿಂದೆ ಕೆಂಪು ಮಣ್ಣಿನ ದಾರಿ.

“ನಡಕೊಂಡು ಹೊಂಟ್ಯೇನು?” ಎಂದಳು.

“ಇಲ್ಲ ಬೇ, ಮಂದಿ ಗಾಡಿ ಹಿಂದ ಕುಂತು ಹೋಗಾಕತ್ತೀನಿ ದಿನಾ. ಹಿಂದ ಕುಂತ್ರ ಏನೂ ಕಾಣಂಗಿಲ್ಲ ನೋಡು, ಮುಂದಿನವನ ಬೆನ್ನಷ್ಟ.”

“ಎಲ್ಲಾ ದಾರಿಗೂ ನಾ ನಿನ್ನ ಬೆನ್ನ ನೋಡೀನಿ. ಬಾಜೂಕ ನೋಡಬೇಕು, ಆವಾಗ ದಾರಿ ಕಾಣ್ತೈತಿ.”

ಅವನು ಸ್ವಲ್ಪ ಹೊತ್ತು ಪಕ್ಕಕ್ಕೆ ನೋಡಿದ. ಆಮೇಲೆ ವಿಷಯಕ್ಕೆ ಬಂದ. ಅಲ್ಲಿ ಶೋರೂಮಿದೆ. ಇದೇ ಕಂಪನಿಯ ಗಾಡಿ. ಸಪ್ಪಳ ಕೇಳಿಕೊಂಡು ಬಂದಿದ್ದಾನೆ, ಅಷ್ಟೇನೂ ಬೇರೆ ಇಲ್ಲ. ಆದರೆ ಯಾರ ಹೆಸರಿಗೆ ಕೊಳ್ಳಬೇಕು?

“ಅಯ್ಯನೋರು ಇಲ್ಲೇ ಅದಾರ, ಕೇಳು,” ಎಂದು ನಾನು ಫೋನನ್ನು ಆ ಕಡೆ ತಿರುಗಿಸಿದೆ.

ಕರಿಬಸಯ್ಯನವರು ಬೆರಳು ಮಡಿಚಿದರು. ಹದಿನೇಳು ವರ್ಷದ ಹಿಂದಿನ ಉತ್ತರವೇ ಬಂತು. “ನಿನ್ನ ಹೆಸರಿಗೆ ವಾಹನ ಬರಂಗಿಲ್ಲಪಾ. ದೇಶ ಬದಲಾದ್ರ ಹೆಸರ ಬದಲಾಗ್ತದೇನು?”

“ಹೌದ್ರೀ. ಮತ್ತ ಆ ಹೊಸಾ ದಾರಿದು? ಅದೂ ಇಲ್ಲಿ ಹತ್ತತೈತೇನ್ರೀ?”

“ಯಾವ ಹೊಸಾ ದಾರಿ?”

ಅಂಗಡಿಯಲ್ಲಿ ಝೆರಾಕ್ಸ್ ಮಿಷನ್ನಿನ ಬೆಳಕು ಒಂದು ಸಲ ಆ ಕಡೆಯಿಂದ ಈ ಕಡೆಗೆ ಹೋಯಿತು. ಅಯ್ಯನವರು ಅಮರೇಶ್ವರಿಯ ಮುಖ ನೋಡಿದರು. ಹಿಟ್ಟಿನ ಹುಬ್ಬಿನ ಕೆಳಗೆ ಅವಳ ಕಣ್ಣು ಅವರ ಮೇಲೆಯೇ ಇತ್ತು. ನೂರಾರು ಮನೆಗಳ ಮದುವೆ, ತೊಟ್ಟಿಲು, ಜಗಳ ನೋಡಿದ ಮನುಷ್ಯ. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಹ್ಞಾಂ, ಅದು. ಅದನ್ನ ಬಿಡಾಕ ಬರಂಗಿಲ್ಲಪಾ. ಅದು ಎಲ್ಲಾ ದೇಶಕ್ಕೂ ಅದ.”

ಪರದೆಯಲ್ಲಿ ಯಮನೂರನ ಮುಖ ನಿಂತಲ್ಲೇ ನಿಂತಿತು. ನೆಟ್‌ವರ್ಕ್ ಹೋಯಿತೆಂದು ನಾನು ಫೋನು ಅಲುಗಿಸಿದೆ.

“ಹಂಗಾದ್ರ,” ಎಂದ ನಿಧಾನಕ್ಕೆ, “ಅಕಿ ಹೆಸರಿಗೆ ತಗೋಬೇಕು ಅಂದ್ರ… ಅಕಿ ಇಲ್ಲಿರಬೇಕಾಗ್ತೈತಿ.”

“ಗಾಡಿ ಸಲುವಾಗಿ?” ಎಂದಳು ಅಮರೇಶ್ವರಿ.

“…ಗಾಡಿ ಸಲುವಾಗೂ.”

ಆ ಕೊನೆಯ ‘ಊ’ ಅವನ ಬಾಯಿಂದ ಬರಲು ಐದು ವಾರ ಹಿಡಿದಿತ್ತು. ಆಮೇಲೆ ಅವನು ನನ್ನನ್ನು ಕರೆದ.

“ಶೇಖರಮ್ಮಕ್ಕಾ, ಅಕಿ ಬರಾಕ ಏನೇನ್ ಕಾಗದ ಬೇಕು?”

10ರ ಬಾಲ

ಫೋನು ಇಟ್ಟ ಮೇಲೆ ಕರಿಬಸಯ್ಯನವರು ಪಂಚಾಂಗ ಬಗಲಿಗಿಟ್ಟು ಎದ್ದರು. “ಯವ್ವಾ, ಆ ಹೊಸಾ ದಾರಿ ಮಾತು ನಾ ಯಾವಾಗ ಹೇಳಿದ್ದೆ?”

“ನೀವು ಹೇಳಿದ್ದಿಲ್ರೀ ಅಯ್ಯನೋರ.”

“ಮತ್ತ?”

“ಆವಾಗ ನನಗ ಇಪ್ಪತ್ತೆರಡು. ಮಸ್ಕಿ ಬಿಟ್ಟು ಒಂದೂರು ನೋಡಿದ್ದಿಲ್ಲ. ಕರ್ಕೊಂಡು ಹೋಗು ಅಂದ್ರ ‘ಎದಕ’ ಅಂತಿದ್ದ. ಅಯ್ಯನೋರು ಹೇಳ್ಯಾರ ಅಂದ್ರ ಎದಕ ಅನ್ನಂಗಿಲ್ಲಲ್ರೀ.”

ಅಯ್ಯನವರು ಬಾಗಿಲವರೆಗೆ ಹೋಗಿ ತಿರುಗಿದರು. “ಎಷ್ಟು ದಾರಿ ಆದವು?”

“ಇಪ್ಪತ್ತಾರು.”

“ನಾ ಹೇಳಿದ ಯಾವ ಮಾತನ್ನೂ ಊರಾಗ ಯಾರೂ ಇಷ್ಟು ನೇಮದಿಂದ ನಡಿಸಿಲ್ಲ,” ಎಂದು ಹೋದರು.

“ಇದನ್ನ ಬರೀಲೇನವ್ವಾ?” ಎಂದು ಕೇಳಿದೆ.

“ಬರಿ. ಅಂವ ಓದಂಗಿಲ್ಲ. ಗಾಡಿ ಬಗ್ಗೆ ಇದ್ದದ್ದಷ್ಟ ಓದಿಸ್ಕೊಂತಾನ.”

ಆಗ ನನಗೆ ಕಲಮು ಒಂಬತ್ತು ನೆನಪಾಯಿತು. ಕಂಪ್ಯೂಟರಿನಲ್ಲಿ ಆ ಪತ್ರ ಹಾಗೆಯೇ ಇತ್ತು. ತೆಗೆದು, ನಾಚಿಕೆಯಿಂದ, ಅವಳಿಗೆ ಕನ್ನಡ ಮಾಡಿ ಹೇಳಿದೆ: ಎರಡು ಕೋಣೆಯ ಮನೆ. ನೌಕರನ ಹೆಂಡತಿ ಜೊತೆಗೆ ಬಂದು ಇರಬಹುದು. ಬರುವ ಟಿಕೆಟ್ ಕಂಪನಿಯದು.

“ಇದು ಮೊದಲಿಂದ್ಲೂ ಇತ್ತೇನು ಯಕ್ಕಾ?”

“ಇತ್ತವ್ವಾ. ಎಂಟಕ್ಕ ನಿಲ್ಲಿಸಿಬಿಟ್ಟೆ.”

ಬೈಯುತ್ತಾಳೆಂದುಕೊಂಡೆ. ಅವಳು ಸ್ಟೂಲು ಎಳೆದುಕೊಂಡು ಕೂತಳು, ಆಧಾರ್ ಕಾರ್ಡು ಮೇಜಿನ ಮೇಲಿಟ್ಟಳು. ಹಿಟ್ಟಿನ ಬೆರಳ ಗುರುತು ಅದರ ಮೇಲೆ ಮೂಡಿತು.

11

ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೊದಲು ಕೇಳುವುದು ಹೆಸರು. ಅಮರೇಶ್ವರಿ ಎಂದು ಟೈಪ್ ಹೊಡೆದೆ. ಮೊದಲನೆಯ ಸಾಲಿಗೇ ಬಂದಳು. ಗಂಡನ ಹೆಸರು ಬಹಳ ಕೆಳಗೆ ಬಂತು. ಅವಳು ಅದನ್ನು ಗಮನಿಸಿ ನಕ್ಕಳು, ನಾನು ಗಮನಿಸದವಳಂತೆ ಮುಂದಕ್ಕೆ ಹೋದೆ.

“ಮೈಮ್ಯಾಲೆ ಕಾಣುವ ಗುರುತು ಕೇಳ್ಯಾರ. ಮಚ್ಚಿ ಗಿಚ್ಚಿ ಐತೇನು?”

ಅವಳು ಸೀರೆಯ ಅಂಚು ಒಂದು ಗೇಣು ಎತ್ತಿ, ಬಲಗಾಲ ಮೀನಖಂಡ ತೋರಿಸಿದಳು. ಗುರುಗುಂಟೆಯ ಕಲೆ, ನಾಲ್ಕು ಬೆರಳಿನಗಲ.

“ಇದು ನಡೀತೈತೇನು?”

“ನಡೀತೈತಿ.”

ಹೊಡೆದೆ: ಬಲಗಾಲಿನ ಮೇಲೆ ಮೋಟರ್ ಸೈಕಲ್ ಸೈಲೆನ್ಸರ್ ಸುಟ್ಟ ಕಲೆ. ಇದಕ್ಕೆ ಎನ್‌ಓಸಿ ಕೇಳಲಿಲ್ಲ. ಮಣ್ಣು ತೊಳೆಯಿರಿ ಎನ್ನಲಿಲ್ಲ.

ಈಗ ನೀವು ಕೇಳುತ್ತೀರಿ: ಹೋದಳೇ? ಪೊಲೀಸ್ ವೆರಿಫಿಕೇಶನ್ ಸರಿಯಾಯಿತೇ? ಗೋಣಿಚೀಲದ ಕೆಳಗಿನ ಗಾಡಿಯನ್ನು ಯಾರಿಗೆ ಕೊಟ್ಟರು? ಪೆಟ್ಟಿಗೆ ಮಂಚವಾಯಿತೇ? ಯಮನೂರನ ಹೆದರಿಕೆ ಹೋಯಿತೇ? ನಾನೂ ಅದನ್ನೇ ಕೇಳಿಕೊಂಡು, ಫೋಟೊ ಅಪ್‌ಲೋಡ್ ಆಗುವ ನಡುವೆ, ಒಂದು ಕೆಟ್ಟ ಝೆರಾಕ್ಸ್ ಹಾಳೆ ಎಳೆದುಕೊಂಡು ನಾಲ್ಕನೆಯ ಮುಕ್ತಾಯ ಬರೆಯತೊಡಗಿದೆ: ‘ಕೆಂಪು ಮಣ್ಣಿನ ದಾರಿಯಲ್ಲಿ ಹೊಸ ಗಾಡಿಯ ಹಿಂದಿನ ಸೀಟಿನಲ್ಲಿ ಅಮರೇಶ್ವರಿ…’

“ಹಿಂದಿನ ಸೀಟ ಅಂತ ಯಾರ್ ಹೇಳಿದ್ರು?” ಎಂದಳು, ತಲೆಕೆಳಗಾಗಿಯೇ ಓದಿ. “ಅಲ್ಲಿ ಗಾಡಿಯೊಡತಿ ಮುಂದ ಕುಂದ್ರಬೇಕಂತ ಅಯ್ಯನೋರು ಹೇಳಬಹುದು.”

“ಯಾವಾಗ ಹೇಳ್ತಾರ?”

“ನಾ ಹೋಗಿ ಮುಟ್ಟಿದ ಮ್ಯಾಲೆ.”

ಆ ಸಾಲನ್ನು ಹೊಡೆದು ಹಾಕಿ ಇನ್ನೊಂದು ಶುರು ಮಾಡಲು ನೋಡಿದೆ. ಅವಳು ಹಾಳೆಯ ಮೇಲೆ ಹಿಟ್ಟಿನ ಕೈ ಇಟ್ಟಳು.

“ಕತಿ ಹಂಗ ಬಿಡು ಯಕ್ಕಾ. ಅರ್ಜಿ ಮುಗಿಸು.”

ನಾನು ಪೆನ್ನು ಕೆಳಗಿಟ್ಟು ಮೌಸ್ ಹಿಡಿದೆ.